ಓಬೋ ವಾದಕನ ಚಿತ್ರವೂ ನನ್ನ ಎಂಜಲೂ

ಕಳೆದ ಯುಗಾದಿಯಂದು ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನ ಗೆಳತಿಯ ಮನೆಯಲ್ಲಿ ಹತ್ತು ಹನ್ನೆರಡು ಮಂದಿ ಊಟಕ್ಕೆ ಕುಳಿತಿದ್ದೆವು. ಒಬ್ಬಟ್ಟಿಗೆ ತುಪ್ಪ ಬಡಿಸುತ್ತಿದ್ದ ಹೊತ್ತಿನಲ್ಲಿ ಗೆಳತಿಯ ಮಗಳು ಮೇಜಿನ ಆ ತುದಿಯಿಂದ ನನ್ನನ್ನು ಕೇಳಿದಳು: “ಆಂಟಿ, ಈಸ್ ಇಟ್ ಟ್ರೂ? ನೀವು ಪೇಂಟಿಂಗ್ ಮೇಲೆ ಉಗುಳ್ತಿದ್ರಂತೆ?”

ಅವಳ ತಾಯಿಯ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. “ಊಟದ ಹೊತ್ತಲ್ಲಿ ಎಂಥಾ ಮಾತೇ ಅದು? ಹಬ್ಬದ ದಿನ.”

ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದು ನಿವೃತ್ತರಾಗಿರುವ ನನ್ನ ಪತಿ ಮೈಸೂರಿನವರು. ಇಂಥ ಸಂದರ್ಭಗಳನ್ನು ಬಿಡುವವರಲ್ಲ. “ನಿಜ ಕಣಮ್ಮ. ನಾನು ಕೈ ತೊಳ್ಕೊಂಡು ಪೇಷಂಟ್ ಮುಟ್ತಿದ್ದೆ. ನಿಮ್ಮ ಆಂಟಿ ಬಾಯಿ ತೊಳ್ಕೊಂಡು ಮುಟ್ತಿದ್ರು.”

ಎಲ್ಲರೂ ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲ, ಉತ್ತರಕ್ಕಾಗಿ ಕಾಯುತ್ತಿದ್ದಳು. ಈ ವರ್ಷ ಅವಳು ಚಿತ್ರಗಳ ಸಂರಕ್ಷಣೆಯ ತರಗತಿಗೆ ಸೇರುತ್ತಿದ್ದಾಳೆ. ನಮ್ಮ ಪರಿಚಯದ ಕನ್ನಡದ ಮನೆಗಳಲ್ಲಿ ಈ ಕೆಲಸಕ್ಕೆ ಹೋಗುತ್ತಿರುವವರಲ್ಲಿ ನನ್ನ ನಂತರ ಅವಳೇ. ಆ ದಿನ ನಾನು “ಹೌದು” ಎಂದಷ್ಟೇ ಹೇಳಿದೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಓದಿ ಹೇಳುವುದಾಗಿ ಅವಳ ತಾಯಿ ಒಪ್ಪಿಕೊಂಡಿದ್ದಾಳೆ. ನಾನು ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಎಂಬುದು ನಿವೃತ್ತಿಯ ದಿನ ಡೈರೆಕ್ಟರ್ ಓದಿದ ಕಾಗದದಲ್ಲಿದೆ. ಆ ಕಾಗದದಲ್ಲಿ ಇಲ್ಲದ್ದನ್ನು ಹೇಳುವುದು ಇಲ್ಲಿ ನನ್ನ ಉದ್ದೇಶ.

ನನ್ನ ತಂದೆ ಉಡುಪಿಯ ಕಡೆಯ ಒಂದು ದೇವಸ್ಥಾನದಲ್ಲಿ ನಾಗಸ್ವರ ನುಡಿಸುತ್ತಿದ್ದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು, ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದೆ. ಮೊದಲಿಗರಾಗಿ ಓದಿದವರಿಗೆ ಒಂದು ಅಭ್ಯಾಸ ಬೆಳೆಯುತ್ತದೆ. ಮುದ್ರಿತವಾದದ್ದೆಲ್ಲ ಸರಿ, ತಾವು ಬಾಯಿಬಿಟ್ಟರೆ ತಪ್ಪು ಎಂದು ಅವರು ನಂಬುತ್ತಾರೆ. ನಾನು ಒಂದು ಸಣ್ಣ ಪತ್ರವನ್ನೂ ಮೊದಲು ಕರಡು ಬರೆದು, ನಿಘಂಟು ನೋಡಿ, ಆಮೇಲೆ ಶುದ್ಧಪ್ರತಿ ಮಾಡುತ್ತಿದ್ದೆ. ಈ ಬರಹವನ್ನೂ ಹಾಗೆಯೇ ಬರೆದಿದ್ದೇನೆ ಎಂದು ಒಪ್ಪಿಕೊಳ್ಳುವುದು ಒಳ್ಳೆಯದು.

ಮದುವೆಯಾಗಿ ವುಲ್ವರ್‌ಹ್ಯಾಂಪ್ಟನ್ನಿಗೆ ಬಂದ ಮೇಲೆ ಪತಿಯ ರೋಟಾ, ಅಂದರೆ ಆಸ್ಪತ್ರೆಯ ಪಾಳಿಗಳ ಪಟ್ಟಿ, ಅಡುಗೆಮನೆಯ ಗೋಡೆಯ ಮೇಲಿತ್ತು. ನನ್ನ ದಿನಕ್ಕೆ ರೋಟಾ ಇರಲಿಲ್ಲ. ರೈಲಿನಲ್ಲಿ ಸ್ವಲ್ಪ ದೂರದ ಊರೊಂದರ ಸಣ್ಣ ಕಲಾ ಗ್ಯಾಲರಿಯಲ್ಲಿ ಟಿಕೆಟ್ ಮೇಜಿನ ಹಿಂದೆ ಕೂರುವ ಕೆಲಸ ಸಿಕ್ಕಿತು. ಗ್ಯಾಲರಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಲ್ಲಿನ ಚಿತ್ರಗಳ ಸಂರಕ್ಷಕಿ ಮಾರ್ಗರೆಟ್. ಉದ್ದನೆಯ ಕೈಗಳ, ಮಿತಭಾಷಿಯಾದ ಹೆಂಗಸು. ನಾನು ರಸಾಯನಶಾಸ್ತ್ರ ಓದಿದವಳೆಂದು ತಿಳಿದ ದಿನವೇ ಆಕೆ ನನ್ನನ್ನು ಮೇಲಿನ ಮಹಡಿಯ ಸ್ಟುಡಿಯೋಗೆ ಕರೆದೊಯ್ದು ಒಂದು ಚಿತ್ರದ ಮುಂದೆ ನಿಲ್ಲಿಸಿದರು. ಆ ಚಿತ್ರದ ಎದುರಿಗೇ ನನ್ನ ವೃತ್ತಿಜೀವನ ಆರಂಭವಾಯಿತು.

ಕಂದು ಕೋಟು ತೊಟ್ಟ ನಡುವಯಸ್ಸಿನ ಗಂಡಸೊಬ್ಬ ಕುರ್ಚಿಯಲ್ಲಿ ಕುಳಿತಿದ್ದಾನೆ. ತೊಡೆಯ ಮೇಲೆ ಓಬೋ ಇದೆ. ಕಪ್ಪು ಮರದ, ಉದ್ದಕ್ಕೂ ಬೆಳ್ಳಿಯ ಕೀಲಿಗಳಿರುವ ಊದುವ ವಾದ್ಯ. ಹಿನ್ನೆಲೆಯಲ್ಲಿ ಹಸಿರು ಗೋಡೆ. ಇಂಪ್ರೆಷನಿಸ್ಟರ ನಂತರದ ಪೀಳಿಗೆಯ ಫ್ರೆಂಚ್ ಚಿತ್ರಕಾರನೊಬ್ಬನ ಕೃತಿ. ಕುಂಚದ ಏಟುಗಳು ಒಂದರ ಪಕ್ಕ ಒಂದು, ಗದ್ದೆಯಲ್ಲಿ ನಾಟಿ ಮಾಡಿದ ಹಾಗೆ ಸಾಲಾಗಿ ಕಾಣುತ್ತವೆ. ಕೆಲವೆಡೆ ಬಣ್ಣವೇ ಇಲ್ಲದೆ ಕ್ಯಾನ್ವಾಸು ಇಣುಕುತ್ತದೆ. ವಾದಕನ ತುಟಿಗಳ ನಡುವೆ ಕಿರುಬೆರಳಿನ ಅರ್ಧದಷ್ಟು ಉದ್ದದ ಒಂದು ಕಂದು ತುಂಡು. ಗ್ಯಾಲರಿಯಲ್ಲಿ ಅದನ್ನು ತೂಗುಹಾಕುವ ಗೋಡೆಯ ಫಲಕದಲ್ಲಿ “ಸಿಗರೇಟಿನೊಂದಿಗೆ ಓಬೋ ವಾದಕ” ಎಂದಿತ್ತು. ಅಚ್ಚಾದ ಮಾತು, ನಾನು ನಂಬಿದೆ.

ಆ ದಿನವೇ ಮೊದಲ ಪ್ರಮಾದ ನಡೆಯಿತು. ಚಿತ್ರ ಮಂಕಾಗಿದೆಯಲ್ಲ, ವಾರ್ನಿಷ್ ಹಚ್ಚಿದರೆ ಹೊಳೆಯುತ್ತದಲ್ಲವೇ ಎಂದು ಕೇಳಿಬಿಟ್ಟೆ.

ಮಾರ್ಗರೆಟ್ ಹೇಳಿದರು: “ಇವನು ಹೊಳೆಯಬಾರದು. ಇದನ್ನು ಬರೆದವನಿಗೆ ಹೊಳಪು ಬೇಡವಾಗಿತ್ತು. ನಿಮ್ಮೂರಲ್ಲಿ ಗೋಡೆಗೆ ಏನು ಬಳೀತಾರೆ?”

“ಸುಣ್ಣ.”

“ಅದರ ಮೇಲೆ ಎಣ್ಣೆ ಹಚ್ತೀರಾ?”

ಅಷ್ಟರಲ್ಲಿ ಪಾಠ ಮುಗಿದಿತ್ತು. ಆ ಪೀಳಿಗೆಯ ಅನೇಕರು ತಮ್ಮ ಚಿತ್ರಗಳು ಗೋಡೆಯ ಹಾಗೆ ಒಣಗಿ, ಮಂಕಾಗಿ ಇರಬೇಕೆಂದು ಬಯಸಿದ್ದರು. ಅವರು ತೀರಿಹೋದ ಮೇಲೆ ವ್ಯಾಪಾರಿಗಳು ವಾರ್ನಿಷ್ ಬಳಿದು ಎಷ್ಟೋ ಚಿತ್ರಗಳನ್ನು ಕೆಡಿಸಿದರು. ನಮ್ಮ ವಾದಕ ಮಾತ್ರ ಅದೃಷ್ಟದಿಂದ ತಪ್ಪಿಸಿಕೊಂಡಿದ್ದ. ಆದರೆ ವಾರ್ನಿಷ್ ಇಲ್ಲದ ಚಿತ್ರಕ್ಕೆ ರಕ್ಷಣೆಯೂ ಇಲ್ಲ. ಈ ಪ್ರದೇಶದ ಕಾರ್ಖಾನೆಗಳ ಚಿಮಣಿಗಳ ಹೊಗೆಯನ್ನೆಲ್ಲ ಅವನ ಬಣ್ಣ ನೇರವಾಗಿ ಕುಡಿದಿತ್ತು.

ಮುಂದೆ ಉತ್ತರದ ಒಂದು ನಗರಕ್ಕೆ ರೈಲಿನಲ್ಲಿ ಓಡಾಡಿ ಎರಡು ವರ್ಷ ತರಬೇತಿ ಪಡೆದು, ಮಾರ್ಗರೆಟ್ ಅವರ ಸಹಾಯಕಿಯಾಗಿ ಅದೇ ಸ್ಟುಡಿಯೋಗೆ ಮರಳಿದೆ. ಸಣ್ಣಪುಟ್ಟ ಚಿತ್ರಗಳಲ್ಲಿ ಕೈ ಪಳಗಿದ ಮೇಲೆ ಒಂದು ಬೇಸಿಗೆಯಲ್ಲಿ ಆಕೆ ಓಬೋ ವಾದಕನನ್ನು ನನಗೊಪ್ಪಿಸಿದರು. ಕೋಟಿನಿಂದ ಆರಂಭಿಸಬೇಕು, ಮುಖ ಕೊನೆಗೆ. ನಾನು ಪುಸ್ತಕ, ಪೆನ್ನು ಹಿಡಿದು ಯಾವ ದ್ರಾವಣ ಬಳಸಬೇಕೆಂದು ಕೇಳಿದೆ. ಮಾರ್ಗರೆಟ್ ಒಂದು ಬಿದಿರಿನ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಅದನ್ನು ತಮ್ಮ ಬಾಯಲ್ಲಿಟ್ಟು ಒದ್ದೆ ಮಾಡಿ, ಚಿತ್ರದ ಅಂಚಿನಲ್ಲಿ ಮೆಲ್ಲಗೆ ಉರುಳಿಸಿದರು. ಹತ್ತಿ ಕಪ್ಪಾಯಿತು. ಕೆಳಗಿನ ಕಂದು ಬಣ್ಣ ಕಣ್ಣು ತೆರೆದಂತೆ ಕಂಡಿತು.

“ಇದು,” ಎಂದರು.

ಹೊಸಬರು ಇದನ್ನು ತಮಾಷೆ ಎಂದುಕೊಳ್ಳುತ್ತಾರೆ, ಆದ್ದರಿಂದ ವಿವರಿಸುತ್ತೇನೆ. ಬಾಯಿನೀರು ಹದವಾಗಿ ಬೆಚ್ಚಗಿರುತ್ತದೆ; ಕೊಳೆಯನ್ನು ಬಿಡಿಸುವ ಕಿಣ್ವಗಳು ಅದರಲ್ಲಿವೆ; ಬಣ್ಣಕ್ಕೆ ಅದು ಬಹಳ ಮೃದು. ಈ ವೃತ್ತಿಯಲ್ಲಿ ತಲೆಮಾರುಗಳಿಂದ ಬಂದ ಕ್ರಮ ಇದು. ಟೀ ಕುಡಿದ ಮೇಲೆ, ಊಟದ ಮೇಲೆ ಬಾಯಿ ಚೆನ್ನಾಗಿ ತೊಳೆದು ಅರ್ಧ ಗಂಟೆ ಕಾಯಬೇಕು. ಒಮ್ಮೆ ಕೊಳೆ ಮುಟ್ಟಿದ ಹತ್ತಿ ಮತ್ತೆ ಬಾಯಿಗೆ ಹೋಗಕೂಡದು. ಪ್ರತಿ ಸಲವೂ ಹೊಸ ಹತ್ತಿ. ಎಲ್ಲವನ್ನೂ ನಾನು ಸುಂದರವಾದ ಅಕ್ಷರಗಳಲ್ಲಿ ಬರೆದುಕೊಂಡೆ. ಕಡ್ಡಿಯನ್ನು ಮಾತ್ರ ಬಾಯಿಗೆ ಒಯ್ಯಲಿಲ್ಲ.

ಎಂಜಲು ಎಂದರೇನೆಂದು ಕನ್ನಡದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಬೆರಳನ್ನು ನಾಲಿಗೆಗೆ ತಾಗಿಸಿ ಪುಸ್ತಕದ ಹಾಳೆ ತಿರುವಿದಾಗಲೆಲ್ಲ “ಸರಸ್ವತಿಗೆ ಎಂಜಲು ಹಚ್ತೀಯಾ?” ಎಂದು ತಾಯಿ ತಲೆಗೆ ಮೊಟಕುತ್ತಿದ್ದರು. ಅಪ್ಪನ ವಾದ್ಯದ ಚೀಲವನ್ನು ದಾಟಿದರೂ ತಿರುಗಿ ಬಂದು ಕಣ್ಣಿಗೊತ್ತಿಕೊಳ್ಳಬೇಕಿತ್ತು. ಅಂಥ ಮನೆಯ ಹುಡುಗಿ ಒಬ್ಬ ವಾದಕನ ಮೈಗೆ, ಅವನ ವಾದ್ಯಕ್ಕೆ, ಮುಖಕ್ಕೆ ಎಂಜಲು ಸವರುವುದೇ? ಮಾರ್ಗರೆಟ್ ಅವರಿಗೆ ಇದನ್ನು ಹೇಳಬಹುದಿತ್ತು. ಹೇಳಿದರೆ, ಓದಿದವಳಾಗಿ ಇಂಥ ನಂಬಿಕೆಯೇ ಎಂದುಕೊಂಡಾರೆಂದು ಹೆದರಿದೆ. ಅದಕ್ಕೆ ಬದಲಾಗಿ ನನ್ನ ಪದವಿಯ ಮೊರೆಹೊಕ್ಕೆ. ಬಾಯಿನೀರು ಎಂದರೆ ನೀರು, ಲವಣ, ಕಿಣ್ವ. ಇದಕ್ಕೆ ಬಾಯಿಯೇ ಏಕೆ ಬೇಕು? ಸಿಟ್ರೇಟ್ ಎಂಬ ಲವಣವನ್ನು ಶುದ್ಧ ನೀರಿನಲ್ಲಿ ಕರಗಿಸಿ ಒಂದು ಸಣ್ಣ ಸೀಸೆಗೆ ತುಂಬಿ ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡೆ.

ಕೆಲಸ ಸೊಗಸಾಗಿ ಸಾಗಿತು. ಮಾರ್ಗರೆಟ್ ಒಳಗೆ ಬಂದರೆ ಕಡ್ಡಿಯನ್ನು ತುಟಿಯ ಹತ್ತಿರ ಒಯ್ದು ಹಿಂದಕ್ಕೆ ತರುತ್ತಿದ್ದೆ. ಇಂದಿಗೂ ನೆನೆದರೆ ಮುಖ ಬಿಸಿಯಾಗುವುದು ಆ ಅಭಿನಯಕ್ಕಾಗಿಯೇ. ಸಂಜೆ ದಾಖಲೆಯ ಹಾಳೆಯಲ್ಲಿ “ಬಳಸಿದ ದ್ರವ” ಎಂಬ ಅಂಕಣದ ಕೆಳಗೆ “ಬಾಯಿನೀರು” ಎಂದು ಇಂಗ್ಲಿಷಿನಲ್ಲಿ, ಓರೆಯಿಲ್ಲದ ಅಕ್ಷರಗಳಲ್ಲಿ ಬರೆಯುತ್ತಿದ್ದೆ. ಬಲತೋಳಿಗೆ ನಾಲ್ಕು ವಾರ ಬೇಕೆಂದು ಮಾರ್ಗರೆಟ್ ಅಂದಾಜು ಮಾಡಿದ್ದರು. ನಾನು ಹತ್ತು ದಿನಗಳಲ್ಲಿ ಮುಗಿಸಿದೆ. ಚಿತ್ರ ಚಳಿಗಾಲದವರೆಗೆ ಗೋಡೆಗೆ ಮರಳಿತು, ಉಳಿದದ್ದು ಆಮೇಲೆ.

ಈಗ ಡೆರೆಕ್ ಬಗ್ಗೆ ಹೇಳಬೇಕು. ಓಬೋ ವಾದಕನಿದ್ದ ಮೂರನೆಯ ಕೋಣೆಯ ಕಾವಲಿನವನು ಡೆರೆಕ್. ಹುಟ್ಟಿ ಬೆಳೆದದ್ದೆಲ್ಲ ಬರ್ಮಿಂಗ್ಹ್ಯಾಮಿನಲ್ಲಿ. ನನ್ನನ್ನೂ, ಮಾರ್ಗರೆಟ್ ಅವರನ್ನೂ, ಬರುವ ಮುದುಕಿಯರನ್ನೂ ಆ ಕಡೆಯ ವಾಡಿಕೆಯಂತೆ ಅಕ್ಕರೆಯಿಂದ ‘ಬ್ಯಾಬ್’ ಎಂದೇ ಕರೆಯುತ್ತಿದ್ದ. ಆ ಕೋಣೆಯಲ್ಲಿ ವಾದಕನ ಎದುರಿಗೆ ಅವನ ಕುರ್ಚಿ. ಬೆಳಿಗ್ಗೆ ಬಂದವನೇ ಚಿತ್ರಕ್ಕೆ “ಆಲ್‌ರೈಟ್, ಮೇಟ್?” ಎನ್ನುತ್ತಿದ್ದ. ಒಮ್ಮೆ ಚೌಕಟ್ಟಿನ ಮೇಲಿನ ಧೂಳನ್ನು ಕರವಸ್ತ್ರದಿಂದ ಒರೆಸಿ ಸಿಕ್ಕಿಬಿದ್ದು ಎಚ್ಚರಿಕೆ ಪಡೆದಿದ್ದ. ನಿವೃತ್ತಿಗೆ ಹೆಚ್ಚು ವರ್ಷಗಳಿರಲಿಲ್ಲ. ಆ ಕುರ್ಚಿಯಿಂದಲೇ ಮನೆಗೆ ಹೋಗುವುದು ಅವನ ಆಸೆ.

ನವೆಂಬರಿನ ಒಂದು ಬೆಳಿಗ್ಗೆ ಡೆರೆಕ್‌ನೇ ಮೇಲೆ ಬಂದು, “ನಮ್ಮ ಮೇಟ್‌ಗೆ ಶೀತ ಆಗಿರೋ ಹಾಗಿದೆ, ಬನ್ನಿ ನೋಡಿ,” ಎಂದ. ಹೋಗಿ ನೋಡಿದೆವು. ವಾದಕನ ಬಲತೋಳಿನ ಮೇಲೆ ಬೂದುಬಿಳುಪಿನ ಮಬ್ಬು ಕವಿದಿತ್ತು, ಚಳಿಯಲ್ಲಿ ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ. ಅದರ ಅಂಚುಗಳು ಕಮಾನಿನಂತೆ ಬಾಗಿದ್ದವು, ಯಾರೋ ಒದ್ದೆ ಬಟ್ಟೆಯಿಂದ ಒರೆಸಿದಂತೆ.

ನನಗೆ ಆ ಕ್ಷಣವೇ ಗೊತ್ತಾಯಿತು. ವಾರ್ನಿಷ್ ಇಲ್ಲದ ಬಣ್ಣ ಮಣ್ಣಿನ ಹಾಗೆ ಹೀರುತ್ತದೆ. ನನ್ನ ಲವಣ ಒಳಗಿಳಿದು, ಕೋಣೆಗೆ ಹೀಟಿಂಗ್ ಹಾಕಿದ ಮೇಲೆ ಒಣಗಿ ಹೊರಬಂದಿತ್ತು. ಅಂಚಿನ ಕಮಾನುಗಳು ನನ್ನ ಕೈ ತಿರುಗಿದ ಗುರುತುಗಳು.

ಮಾರ್ಗರೆಟ್ ದಾಖಲೆಯ ಹಾಳೆಯನ್ನು ತರಿಸಿ ಓದಿದರು. “ಬಾಯಿನೀರು ಹೀಗೆ ಮಾಡೋದಿಲ್ಲ. ಹಾಗಾದರೆ ಇದು ಗೋಡೆಯ ಮೇಲಿದ್ದಾಗ ಆಗಿದೆ,” ಎಂದರು. ಆಕೆ ಯಾರ ಹೆಸರನ್ನೂ ಹೇಳಲಿಲ್ಲ. ಡೈರೆಕ್ಟರ್ ಮಾತ್ರ ಕರವಸ್ತ್ರದ ಹಳೆಯ ಸಂಗತಿಯನ್ನು ನೆನಪಿಸಿಕೊಂಡರು. ವಿಚಾರಣೆ ಮುಗಿಯುವವರೆಗೆ ಡೆರೆಕ್‌ನನ್ನು ಕೋಟು ಕೊಡೆಗಳನ್ನು ಇಡುವ ಕೆಳಗಿನ ಕೊಠಡಿಗೆ ಹಾಕಿದರು.

ಅಲ್ಲಿ ಅವನನ್ನು ನೋಡಲು ಹೋದೆ. “ಚೌಕಟ್ಟು ಒರೆಸಿದ್ದು ನಿಜ. ಅವನನ್ನ ನಾನು ಮುಟ್ಟಿಲ್ಲ, ಬ್ಯಾಬ್,” ಎಂದ. ಸುತ್ತ ನೇತಾಡುತ್ತಿದ್ದ ಕೋಟುಗಳನ್ನು ನೋಡಿ ಹೇಳಿದ: “ಇವು ಮಾತಾಡಲ್ಲ. ಅವನೂ ಮಾತಾಡ್ತಿರಲಿಲ್ಲ, ಆದ್ರೆ ಅದು ಬೇರೆ ಥರ.”

ನಾನು ಏನೂ ಹೇಳದೆ ಮೇಲೆ ಬಂದೆ. ಹೀಗೆ ಎರಡು ವಾರ ಕಳೆಯಿತು. ಮನೆಯಲ್ಲಿ ಕುಳಿತು ದಾಖಲೆಯ ಖಾಲಿ ಹಾಳೆಯೊಂದರಲ್ಲಿ ನಿಜವಾದ ವಿವರಗಳನ್ನೆಲ್ಲ ಬರೆದೆ. ಒಂದು ಅಕ್ಷರ ತಪ್ಪಿದರೂ ಹೊಸ ಹಾಳೆ. ಹಳೆಯದನ್ನು ತೆಗೆದು ಇದನ್ನು ಸೇರಿಸಿದರೆ ಎಲ್ಲವೂ ಶುದ್ಧವಾಗುತ್ತದೆ ಎಂಬುದು ನನ್ನ ಯೋಚನೆ. ಆದರೆ ಶುದ್ಧಪ್ರತಿ ಚೀಲದಲ್ಲೇ ಉಳಿಯಿತು. ಗೊತ್ತಾದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಊರಿನಲ್ಲಿ ಏನು ಹೇಳುವುದು ಎಂಬ ಭಯ. ನನ್ನನ್ನು ಓದಿಸಿದ್ದಕ್ಕೆ ಅಪ್ಪನನ್ನು ಆಡಿಕೊಂಡವರು ಬೇಕಾದಷ್ಟು ಮಂದಿ ಇದ್ದರು.

ಪ್ರತಿ ಭಾನುವಾರ ಬೆಳಿಗ್ಗೆ ಊರಿಗೆ ಫೋನು ಮಾಡುವುದು ರೂಢಿ. ನಾವು ಮನೆಯಲ್ಲಿ ಮಾತನಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. ಆ ಭಾನುವಾರ ಹವೆ, ಆರೋಗ್ಯ ಎಲ್ಲ ಮುಗಿದ ಮೇಲೆ ಕೇಳಿದೆ: “ಅಪ್ಪಾ, ನಾಗಸ್ವರದ ಪೀಪಿಯನ್ನು ನೀವು ಬಾಯಲ್ಲಿಟ್ಟು ನೆನೆಸ್ತೀರಲ್ಲ. ದೇವರೆದುರು ಅದನ್ನೇ ಊದ್ತೀರಿ. ಅದು ಎಂಜಲಲ್ವಾ?”

ಪೀಪಿ ಎಂದರೆ ನಾಗಸ್ವರದ ಬಾಯಿತುದಿಗೆ ಸಿಕ್ಕಿಸುವ, ಹುಲ್ಲುಕಡ್ಡಿಯಿಂದ ಮಾಡಿದ ಸಣ್ಣ ತುಂಡು. ಸ್ವರ ಹುಟ್ಟುವುದು ಅಲ್ಲಿ.

“ಎಂತ ಪ್ರಶ್ನೆ ಮಗಾ ಇದು? ಅಲ್ಲಿ ಇದನ್ನು ಕಲಿಸ್ತಾರಾ?”

“ಹೇಳಿ ಅಪ್ಪಾ.”

“ಎಂಜಲೇ. ಅಲ್ಲ ಅಂತ ಯಾರು ಹೇಳಿದ್ದು? ಒಣ ಪೀಪಿ ಊದಿದ್ರೆ ಬರೀ ಗಾಳಿ ಬರ್ತದೆ. ನೀರಲ್ಲಿ ಅದ್ದಿದ್ರೂ ನೆನೀತದೆ. ಆದ್ರೆ ಎಷ್ಟು ನೆನೆದ್ರೆ ಸಾಕು ಅಂತ ನೀರಿಗೆ ಗೊತ್ತಾಗುದಿಲ್ಲ, ನಾಲಿಗೆಗೆ ಗೊತ್ತಾಗ್ತದೆ. ಇಷ್ಟು ವರ್ಷದಲ್ಲಿ ಭಟ್ರು ಒಂದು ದಿನ ಬೇಡ ಹೇಳ್ಲಿಲ್ಲ. ದೇವರೂ ಹೇಳ್ಲಿಲ್ಲ.”

ಅಪ್ಪ ಕಿವಿಯಿಂದಲೇ ಬದುಕಿದ ಮನುಷ್ಯ, ಹೇಳದೆ ಉಳಿದದ್ದನ್ನೂ ಕೇಳಿಸಿಕೊಳ್ಳಬಲ್ಲವರು.

“ಎಂತ ಮಾಡಿ ಇಟ್ಟಿದ್ದಿ?”

“ಒಂದು ತಪ್ಪಾಗಿದೆ.”

“ಯಾರಿಗಾದ್ರೂ ತೊಂದರೆ ಉಂಟಾ ಅದರಿಂದ?”

“ಒಬ್ಬರಿಗೆ ಉಂಟು.”

“ಹಾಗಾದ್ರೆ ನನ್ನ ಹತ್ರ ಹೇಳಿ ಎಂತ ಪ್ರಯೋಜನ? ಅಲ್ಲಿ ಹೇಳು. ಅಮ್ಮನಿಗೆ ಕೊಡ್ತೇನೆ, ಮಾತಾಡು.”

ಸೋಮವಾರ ಗ್ಯಾಲರಿಗೆ ರಜೆ, ಸ್ಟುಡಿಯೋದಲ್ಲಿ ನಾವಿಬ್ಬರೇ. ಕೋಟನ್ನೂ ತೆಗೆಯದೆ ಮಾರ್ಗರೆಟ್ ಮುಂದೆ ನಿಂತು, ಸೀಸೆಯನ್ನೂ ಶುದ್ಧಪ್ರತಿಯನ್ನೂ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಲವಣ ಎಷ್ಟು ಹಾಕಿದ್ದೆ ಎಂದು ಕೇಳಿದರು. ಬಳಸಿದ ಮೇಲೆ ಆ ಲವಣವನ್ನು ಬರೀ ನೀರಿನಿಂದ ಒರೆಸಿ ತೆಗೆದಿದ್ದೆಯಾ ಎಂದು ಕೇಳಿದರು. ಕೊನೆಗೆ, “ಯಾಕೆ?” ಎಂದರು.

ಎಂಜಲಿಗೆ ಇಂಗ್ಲಿಷಿನಲ್ಲಿ ಪದ ಸಿಗಲಿಲ್ಲ. ಪುಸ್ತಕದ ಹಾಳೆಯ ಬಗ್ಗೆ, ತಾಯಿಯ ಮೊಟಕಿನ ಬಗ್ಗೆ, ವಾದ್ಯದ ಚೀಲದ ಬಗ್ಗೆ ಹೇಳಿದೆ. ಆಕೆ ಬಹಳ ಹೊತ್ತು ಕೇಳಿಸಿಕೊಂಡರು.

“ಮೊದಲ ದಿನವೇ ಹೇಳಿದ್ದರೆ ನಿನಗೆ ಬೇರೆ ಚಿತ್ರ ಕೊಡ್ತಿದ್ದೆ. ಬಾಯಿಂದ ಕೆಲಸ ಮಾಡೋದರಲ್ಲಿ ಒಂದು ಅನುಕೂಲ ಇದೆ, ನಿನಗೆ ಹೇಳಿರಲಿಲ್ಲ. ಬಾಯಿ ಒಣಗುತ್ತೆ. ಆಗ ಕೈ ನಿಲ್ಲಲೇಬೇಕು. ಸೀಸೆ ಒಣಗಲ್ಲ. ಅದಕ್ಕೇ ನೀನು ಹತ್ತು ದಿನದಲ್ಲಿ ಮುಗಿಸಿದ್ದು. ನನಗೆ ಆಗಲೇ ಅನುಮಾನ ಬರಬೇಕಿತ್ತು.” ಸೀಸೆಯನ್ನು ಬದಿಗಿಟ್ಟು ಹೇಳಿದರು: “ಬೇರೆ ದ್ರವ ಬಳಸಿದ್ದನ್ನು ನಾನು ಸಹಿಸಬಲ್ಲೆ. ನೀನು ಬರೆದದ್ದನ್ನು ಸಹಿಸಲಾರೆ. ನಾವಿಬ್ಬರೂ ಸತ್ತ ಮೇಲೆ ಈ ಚಿತ್ರದ ಪರವಾಗಿ ಮಾತಾಡೋಕೆ ಈ ಹಾಳೆ ಒಂದೇ ಇರೋದು.”

ನಾನು ಶುದ್ಧಪ್ರತಿಯನ್ನು ಮುಂದಕ್ಕೆ ತಳ್ಳಿದೆ. ಆಕೆ ಅದನ್ನು ಓದಿ, ಮಡಚಿ, ನನ್ನ ಕೈಗೇ ಕೊಟ್ಟರು. “ಅಕ್ಷರ ಚೆನ್ನಾಗಿದೆ. ಆದರೆ ಬೇಡ. ಹಳೆಯ ಹಾಳೆಯಲ್ಲೇ ತಿದ್ದು. ತಪ್ಪಿನ ಮೇಲೆ ಒಂದೇ ಗೆರೆ; ಕೆಳಗಿರೋದು ಓದೋಕೆ ಬರಬೇಕು. ಪಕ್ಕದಲ್ಲಿ ಸರಿಯಾದ್ದು ಬರೆದು ಸಹಿ ಮಾಡು.”

ಶಾಲೆಯಿಂದ ಬಿ.ಎಸ್ಸಿ.ವರೆಗೆ ನಾನು ಕೊಟ್ಟ ಯಾವ ಹಾಳೆಯಲ್ಲಿಯೂ ಹೊಡೆದುಹಾಕಿದ ಗೆರೆ ಇರಲಿಲ್ಲ. ಅದೇ ಮೊದಲನೆಯದು. ಗೆರೆ ಓರೆಯಾಯಿತು.

“ಡೈರೆಕ್ಟರಿಗೆ ನಾನು ಹೇಳ್ತೀನಿ. ಡೆರೆಕ್‌ಗೆ ನೀನು ಹೇಳಬೇಕು.”

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಕೆಳಗೆ ಹೋದೆ. ಡೆರೆಕ್ ಒದ್ದೆ ಕೊಡೆಗಳಿಗಾಗಿ ನೆಲಕ್ಕೆ ಕಾಗದ ಹಾಸುತ್ತಿದ್ದ. ಬಗ್ಗಿದ್ದವನು ಬಗ್ಗಿದ್ದಂತೆಯೇ ಕೇಳಿಸಿಕೊಂಡ.

“ಸೋ, ಅದು ನೀನು.”

“ನಾನು.”

“ನಾನು ಹೀಟಿಂಗ್ ಮೇಲೆ ಅನುಮಾನ ಪಟ್ಟಿದ್ದೆ.” ಎದ್ದು ನಿಂತ. “ಎರಡು ವಾರ ಕೊಡೆ ಕಾದಿದ್ದೀನಿ, ಬ್ಯಾಬ್.”

“ಕೋಪ ಇದೆಯಾ?”

“ಇದೆ. ಟೀ ಟೈಮ್ ತನಕ ಇರುತ್ತೆ. ಟೀ ನೀನೇ ತರಬೇಕು. ಎರಡು ಸಕ್ಕರೆ.”

ಟೀ ಕೊಂಡೊಯ್ದಾಗ ಅವನು ಮೂರನೆಯ ಕೋಣೆಯ ತನ್ನ ಕುರ್ಚಿಯಲ್ಲಿದ್ದ. ಚಿತ್ರ ಅಲ್ಲಿರಲಿಲ್ಲ, ಮೇಲೆ ನಮ್ಮ ಬಳಿ ಇತ್ತು. ಖಾಲಿ ಗೋಡೆಯನ್ನೇ ನೋಡುತ್ತಾ ಟೀ ಕುಡಿದ. ಕೊನೆಯಲ್ಲಿ, “ಸಕ್ಕರೆ ಕಮ್ಮಿ,” ಎಂದ.

ನನಗೆ ಲಿಖಿತ ಎಚ್ಚರಿಕೆ ಬಂತು. ಆರು ತಿಂಗಳು ನನ್ನ ಪ್ರತಿ ಹಾಳೆಗೂ ಮಾರ್ಗರೆಟ್ ಅವರ ಸಹಿ ಬೇಕಾಯಿತು. ಅದು ನ್ಯಾಯವೇ. ಆ ಚಳಿಗಾಲವಿಡೀ ನಾವಿಬ್ಬರೂ ಮಬ್ಬನ್ನು ತೆಗೆದೆವು: ಅಂಗೈಯಗಲದ ಜಾಗಕ್ಕೆ ಒಂದು ದಿನ, ತೇವ ಆರಿಸಲು ಇನ್ನೊಂದು ದಿನ. ಹೆಚ್ಚುಕಡಿಮೆ ಎಲ್ಲವೂ ಹೋಯಿತು. ಮೊಣಕೈಯ ಹತ್ತಿರ ಹೆಬ್ಬೆರಳಿನಷ್ಟು ಜಾಗದಲ್ಲಿ ಉಳಿದುಕೊಂಡಿತು. ಇನ್ನೂ ಉಜ್ಜಿದರೆ ಬಣ್ಣವೇ ಬರುತ್ತದೆಂದು ಮಾರ್ಗರೆಟ್ ಅಲ್ಲಿಗೆ ನಿಲ್ಲಿಸಿದರು.

ಮುಖವನ್ನು ಬೇರೆ ಯಾರಿಗಾದರೂ ಕೊಡುತ್ತಾರೆಂದುಕೊಂಡಿದ್ದೆ. ಮಾರ್ಚಿನ ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಹತ್ತಿಯೂ ಬಿದಿರಿನ ಕಡ್ಡಿಗಳೂ ಇದ್ದವು. “ಬೇಡವೆಂದರೆ ಹೇಳು. ಯಾವ ಉತ್ತರವಾದರೂ ಸರಿ, ಆದರೆ ಅದು ನಿಜವಾದ ಉತ್ತರ ಆಗಿರಲಿ,” ಎಂದರು. ನಾನು ಹೋಗಿ ಬಾಯಿ ತೊಳೆದುಕೊಂಡು ಬಂದೆ. ಹತ್ತಿಯನ್ನು ನಾಲಿಗೆಗೆ ತಾಗಿಸಿದಾಗ ಕಣ್ಣು ತಾನಾಗಿ ಮುಚ್ಚಿತು. ಮನಸ್ಸಿನಲ್ಲೇ ವಾದಕನಿಗೆ ಕೈಮುಗಿದೆ. ಯಾವ ಸಿಡಿಲೂ ಬೀಳಲಿಲ್ಲ. ಹತ್ತಿ ಕಪ್ಪಾಯಿತು, ಹಣೆ ಬೆಳಗಿತು.

ಹನ್ನೊಂದು ಗಂಟೆಗೆ ಡೆರೆಕ್ ದಿನವೂ ಮೇಲೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. “ಇವತ್ತು ಅವನಿಗೆ ಏನು ಊಟ, ಬ್ಯಾಬ್?”

“ಅನ್ನ, ಸಾರು. ಆದರೆ ಬಾಯಿ ತೊಳೆದಿದ್ದೇನೆ.”

“ಪಾಪ, ಅವನಿಗೆ ಅದೂ ಇಲ್ಲ.”

ಮಾರ್ಗರೆಟ್ ಹೇಳಿದ್ದು ನಿಜವೆಂದು ಆ ವಾರಗಳಲ್ಲಿ ತಿಳಿಯಿತು. ಬಾಯಿ ಒಣಗುತ್ತಿತ್ತು, ಕೈ ನಿಲ್ಲುತ್ತಿತ್ತು, ನಿಂತಾಗ ಬೇರೆ ಕೆಲಸವಿಲ್ಲದೆ ಚಿತ್ರವನ್ನು ನೋಡುತ್ತಿದ್ದೆ. ಅಷ್ಟು ವರ್ಷ ಅದರ ಜೊತೆಗಿದ್ದೂ ನಾನು ನೋಡಿದ್ದು ಕಡಿಮೆ. ಹಾಗೆ ಸುಮ್ಮನೆ ನೋಡುತ್ತಿದ್ದಾಗ ಒಂದು ದಿನ ತೊಡೆಯ ಮೇಲಿನ ಓಬೋದ ಮೇಲ್ತುದಿ ಕಣ್ಣಿಗೆ ಬಿತ್ತು. ಅದು ಬೋಳಾಗಿತ್ತು. ಊದಬೇಕಾದ ಕಡೆ ಏನೂ ಇರಲಿಲ್ಲ.

ಮರುದಿನ ತುಟಿಗೆ ಬಂದೆ. ಸಿಗರೇಟಿನ ಮೇಲೆ ಹತ್ತಿಯನ್ನು ಒಮ್ಮೆ ಉರುಳಿಸಿದಾಗ ಕಂದು ಹೋಗಿ ಒಣಹುಲ್ಲಿನ ಹಳದಿ ಬಂತು. ಇನ್ನೊಮ್ಮೆ ಉರುಳಿಸಿದೆ. ತುದಿಯಲ್ಲಿ ಎರಡು ಸಣ್ಣ ಕೆಂಪು ಏಟುಗಳು, ಅಡ್ಡಡ್ಡಕ್ಕೆ. ಯಾವ ಸಿಗರೇಟಿಗೂ ಕೆಂಪು ನೂಲು ಸುತ್ತಿರುವುದಿಲ್ಲ. ಅಪ್ಪ ಮಧ್ಯಾಹ್ನ ಜಗುಲಿಯಲ್ಲಿ ಕುಳಿತು, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಪೀಪಿಗೆ ನೂಲು ಸುತ್ತುತ್ತಿದ್ದುದನ್ನು ನಾನು ಸಾವಿರ ಸಲ ನೋಡಿದ್ದೆ.

ಕಡ್ಡಿಯನ್ನು ಕೆಳಗಿಟ್ಟು ಮಾರ್ಗರೆಟ್ ಅವರನ್ನು ಕರೆದೆ. “ಇದು ಸಿಗರೇಟಲ್ಲ. ಓಬೋಗೂ ಪೀಪಿ ಇರುತ್ತದೆ. ಅವನು ಅದನ್ನು ಬಾಯಲ್ಲಿಟ್ಟು ನೆನೆಸುತ್ತಿದ್ದಾನೆ.”

ಆಕೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಭೂತಗನ್ನಡಿಯನ್ನು ಕೆಳಗಿಟ್ಟು ನನ್ನನ್ನು ನೋಡಿದರು. “ಇಷ್ಟು ವರ್ಷ ನಾವೆಲ್ಲ ಅವನಿಗೆ ಸಿಗರೇಟು ಸೇದಿಸ್ತಾ ಇದ್ದೆವು,” ಎಂದು ನಕ್ಕುಬಿಟ್ಟರು. ಆಕೆ ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅಪರೂಪ.

ಹನ್ನೊಂದಕ್ಕೆ ಬಂದ ಡೆರೆಕ್ ಹೇಳಿದ: “ನನಗೆ ಅನಿಸ್ತಾನೇ ಇತ್ತು, ಅವನು ಸೇದೋ ಮುಖದವನಲ್ಲ ಅಂತ.” ಸುಳ್ಳು, ಅದು ಯಾವ ಬ್ರ್ಯಾಂಡ್ ಎಂದು ಶಾಲಾಮಕ್ಕಳ ಜೊತೆ ಪಂತ ಕಟ್ಟುತ್ತಿದ್ದವನೇ ಅವನು.

ಫಲಕ ಬದಲಾಯಿತು. “ಪೀಪಿ ನೆನೆಸುತ್ತಿರುವ ಓಬೋ ವಾದಕ” ಎಂಬ ಅರ್ಥದ ಹೆಸರು ಬಂತು. ಚಿತ್ರದ ದೊಡ್ಡ ಫೋಟೋ ಒಂದನ್ನು ಅಪ್ಪನಿಗೆ ಕಳುಹಿಸಿದೆ. ನಾಲ್ಕು ಭಾನುವಾರಗಳ ನಂತರ ಅದು ತಲುಪಿತು. ಅಪ್ಪ ಫೋನಿನಲ್ಲಿ ಹೇಳಿದ್ದು ಇಷ್ಟು: “ನೋಡಿದೆ. ಅವ ಇನ್ನೂ ಊದ್ಲಿಕ್ಕೆ ಶುರು ಮಾಡ್ಲಿಲ್ಲ. ಪೀಪಿ ನೆನೀತಾ ಉಂಟು. ಅವಸರ ಇಲ್ಲ ಅವನಿಗೆ. ಒಳ್ಳೆ ವಾದ್ಯದವ.”

ಆಮೇಲಿನ ವರ್ಷಗಳಲ್ಲಿ ಕೆಲಸದ ಕ್ರಮ ಬಹಳ ಬದಲಾಯಿತು. ಈಗ ಪಾರದರ್ಶಕವಾದ ಜೆಲ್‌ಗಳಿವೆ. ಬಣ್ಣದ ಮೇಲಿಟ್ಟರೆ ನೀರನ್ನು ಹನಿಹನಿಯಾಗಿ ಬಿಡುತ್ತವೆ, ಒಳಗಿಳಿಯಲು ಬಿಡುವುದಿಲ್ಲ. ಪ್ರಯೋಗಾಲಯದಲ್ಲಿ ತಯಾರಾದ ಕೃತಕ ಬಾಯಿನೀರೂ ಸಿಗುತ್ತದೆ. ಅದನ್ನು ತಿಳಿದವರು ತಿಳಿದು ಬಳಸುತ್ತಾರೆ, ಬಳಸಿದ್ದನ್ನು ಬರೆಯುತ್ತಾರೆ. ಕೋವಿಡ್ ಬಂದಾಗ ನಮ್ಮ ಸ್ಟುಡಿಯೋದಲ್ಲಿ ಕೆಲಕಾಲ ಬಾಯಿಯ ಕೆಲಸವನ್ನೇ ನಿಲ್ಲಿಸಿದ್ದೆವು. ಮಾಸ್ಕಿನೊಳಗೆ ನನ್ನ ತಾಯಿಯ ಮೊಟಕು ನೆನಪಾಗಿ ನಗು ಬರುತ್ತಿತ್ತು. ದಾಖಲೆಗಳು ಕಂಪ್ಯೂಟರಿಗೆ ಹೋದವು. ಹೊಸಬರು ಒಂದು ಸಾಲನ್ನು ಅಳಿಸಿ ಇನ್ನೊಂದನ್ನು ಕೂರಿಸುವಾಗ ಅದರ ಕುರುಹೂ ಕಾಣುವುದಿಲ್ಲ. ಅದರಿಂದಾಗಿ ನಾನು ಹಿರಿಯಳಾದ ಮೇಲೆ ಕಾಗದದ ಹಾಳೆಯನ್ನೂ ಉಳಿಸಿಕೊಳ್ಳಬೇಕೆಂದು ಹಟ ಹಿಡಿದೆ. ಹಳೆಯ ಕಾಲದವಳು ಎಂದು ಅವರು ನನ್ನ ಬೆನ್ನ ಹಿಂದೆ ಹೇಳುತ್ತಿದ್ದುದು ನನಗೆ ಗೊತ್ತು.

ಮಾರ್ಗರೆಟ್ ಈಗಿಲ್ಲ. ಅಪ್ಪನೂ ಇಲ್ಲ. ಡೆರೆಕ್ ತನ್ನ ಕುರ್ಚಿಯಿಂದಲೇ ನಿವೃತ್ತನಾದ. ಈಗ ತೊಂಬತ್ತರ ಹತ್ತಿರ ಬಂದಿರುವ ಅವನೂ ನಾನೂ ಗುರುವಾರಗಳಂದು ಸಾಮಾನ್ಯ ಸಂದರ್ಶಕರಂತೆ ಹೋಗಿ ಮೂರನೆಯ ಕೋಣೆಯ ಬೆಂಚಿನ ಮೇಲೆ ಕೂರುತ್ತೇವೆ. ಅವನು “ಆಲ್‌ರೈಟ್, ಮೇಟ್?” ಎನ್ನುತ್ತಾನೆ. ನನ್ನ ಕಣ್ಣು ಮೊದಲು ಹೋಗುವುದು ಮೊಣಕೈಯ ಹತ್ತಿರದ ಹೆಬ್ಬೆರಳಿನಷ್ಟು ಮಬ್ಬಿಗೆ, ಅಲ್ಲಿಂದ ತುಟಿಗೆ. ಎರಡೂ ನನ್ನವೇ ಎನ್ನಿಸುತ್ತದೆ, ಮತ್ತು ಹಾಗೆ ಅನ್ನಿಸುವುದರಲ್ಲಿ ಈಗ ನೋವಿಲ್ಲ.

ಒಬ್ಬಟ್ಟಿನ ಮುಂದೆ ಕುಳಿತು ನನ್ನನ್ನು ಪ್ರಶ್ನೆ ಕೇಳಿದ ಮಗಳೇ, ನಿನಗೆ ಹೇಳಬೇಕಾದದ್ದು ಇಷ್ಟೇ. ಆ ಚಿತ್ರದ ಕಡತ ನಮ್ಮ ಸ್ಟುಡಿಯೋದ ಕಪಾಟಿನಲ್ಲಿದೆ. ವಿದ್ಯಾರ್ಥಿಗಳು ಕೇಳಿದರೆ ತೋರಿಸುತ್ತಾರೆ. ಅದರಲ್ಲಿ ‘ಬಾಯಿನೀರು’ ಎಂಬ ನನ್ನ ಸುಳ್ಳು ಇದೆ, ಸುಂದರವಾದ ಅಕ್ಷರಗಳಲ್ಲಿ. ಅದರ ಮೇಲೆ ಒಂದೇ ಒಂದು ಓರೆ ಗೆರೆ. ಕೆಳಗಿರುವುದನ್ನು ಈಗಲೂ ಓದಬಹುದು. ಪಕ್ಕದಲ್ಲಿ ನಿಜ. ಮುಂದಿನ ಹಾಳೆಯಲ್ಲಿ, ಮುಖ ಎಂಬ ಶೀರ್ಷಿಕೆಯಡಿ, ಬಳಸಿದ ದ್ರವದ ಅಂಕಣದಲ್ಲಿ ಮತ್ತೆ ಅದೇ ಪದವಿದೆ, ಈ ಸಲ ಗೆರೆಯಿಲ್ಲದೆ. ಎರಡೂ ಹಾಳೆಗಳನ್ನು ಓದು. ಆಮೇಲೆ ಹೋಗಿ ಬಾಯಿ ತೊಳೆದುಕೊಂಡು ಬಂದು ಕೆಲಸಕ್ಕೆ ಕುಳಿತುಕೋ.